ಚಿತ್ರವೃತ್ತಿಯ ನಡುಮೆಟ್ಟಿಲು

ಒಂದೇ ಚಿತ್ರವು ನಮ್ಮ ಮನೆಗೆ ಮೂರು ಸಲ ಹಿಂದಿರುಗಿ ಬಂದಿತು. ಬರೆದವಳು ನನ್ನ ಕಿರಿಯ ಮಗಳು. ಮಕ್ಕಳ ಪುಸ್ತಕಗಳನ್ನು ಅಚ್ಚು ಹಾಕಿಸುವ ಪ್ರಕಾಶಕರೊಬ್ಬರು ಪುಣ್ಯಕೋಟಿಯ ಕಥೆಗೆ ಮುಖಪುಟದ ಚಿತ್ರವನ್ನು ಬರೆದುಕೊಡುವಂತೆ ಆಕೆಗೆ ಹೇಳಿದ್ದರು. ಮೊದಲನೆಯ ಸಲ ಕಳುಹಿಸಿದಾಗ, “ಚಿತ್ರವೇನೋ ಚೆನ್ನಾಗಿದೆ, ಕಥೆಗೆ ಒದಗುವುದಿಲ್ಲ” ಎಂಬ ಒಂದು ಸಾಲಿನ ಉತ್ತರ ಬಂದಿತು. ಎರಡನೆಯ ಸಲ ಅವಳು ಬಣ್ಣಗಳನ್ನೆಲ್ಲ ಬದಲಿಸಿದಳು. ಮೂರನೆಯ ಸಲ ಹುಲ್ಲಿನ ಎಸಳೆಸಳನ್ನೂ ತಿದ್ದಿದಳು. ಉತ್ತರ ಮಾತ್ರ ಅದೇ; ಅದರ ಕೆಳಗೆ ಹದಿನೈದು ದಿನಗಳ ಗಡುವೊಂದು ಸೇರಿತ್ತು. ಆ ಬಳಿಕ ಕೆಲಸವು ಬೇರೆಯವರಿಗೆ ಹೋಗುವುದೆಂದು ಬರೆದಿದ್ದರು.

ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಸಂಸ್ಕೃತವನ್ನು ಹೇಳಿಕೊಟ್ಟು ನಿವೃತ್ತನಾದವನು. ಚಿತ್ರ ಬರೆದು ಹೊಟ್ಟೆ ಹೊರೆಯಬಹುದೆಂಬ ಮಾತಿನಲ್ಲಿ ನನಗೆ ನಂಬಿಕೆಯಿರಲಿಲ್ಲ. ಆ ರಾತ್ರಿ ಅವಳ ಮುಂದೆ ಬ್ಯಾಂಕಿನ ಪರೀಕ್ಷೆಯ ಮಾತನ್ನೆತ್ತಿದೆನು. “ಇನ್ನೆಷ್ಟು ಸಲ ಹಿಂದಿರುಗಬೇಕು?” ಎಂದೂ ಕೇಳಿಬಿಟ್ಟೆನು. ಮಗಳು ಊಟಕ್ಕೆ ಬರಲಿಲ್ಲ. ಮರುದಿನ ಬೆಳಗ್ಗೆ ಪಶ್ಚಾತ್ತಾಪದಿಂದಲೇ ಅವಳ ಕೊಠಡಿಗೆ ಹೋಗಿ, ಆ ಚಿತ್ರವನ್ನು ಮೊಟ್ಟಮೊದಲ ಬಾರಿಗೆ ಸಾವಧಾನವಾಗಿ ನೋಡಿದೆನು. ಆಗ ತಿಳಿದುದನ್ನೇ ಇಲ್ಲಿ ಬರೆಯುತ್ತಿರುವೆನು. ಮನೆಯಲ್ಲಿ ಚಿತ್ರ ಬರೆಯುವ ಮಕ್ಕಳುಳ್ಳ ಗೃಹಸ್ಥರಿಗೆ ಇದರಿಂದ ಏನಾದರೂ ಉಪಯೋಗವಾದೀತೆಂಬುದು ನನ್ನ ಆಶೆ.

ಆ ಚಿತ್ರದಲ್ಲಿ ಎಲ್ಲವೂ ಇದ್ದುವು. ನಡುವೆ ಹಸು, ಬಲಗಡೆ ಹುಲಿ, ಎಡಗಡೆ ಕರು, ಮೇಲುಗಡೆ ಕೊಳಲೂದುವ ಗೊಲ್ಲ, ಹಿಂದೆ ಬೆಟ್ಟ. ಒಂದೊಂದನ್ನೂ ಬೇರೆಯಾಗಿ ನೋಡಿದರೆ ತಪ್ಪು ಹಿಡಿಯುವಂತಿರಲಿಲ್ಲ. ಆದರೂ ಅವೆಲ್ಲವೂ ಸಾಲಾಗಿ ನಿಂತು ನಮ್ಮನ್ನೇ ನೋಡುತ್ತಿದ್ದುವು, ಶಾಲೆಯ ವಾರ್ಷಿಕೋತ್ಸವದಲ್ಲಿ ಫೋಟೋ ತೆಗೆಸಿಕೊಳ್ಳಲು ನಿಂತ ಮಕ್ಕಳಂತೆ.

ನನಗೆ ಥಟ್ಟನೆ ನೆನಪಾದುದು ನಮ್ಮ ತರಗತಿ. ಸಂಸ್ಕೃತವನ್ನು ಕಲಿಯುವ ಹುಡುಗನು ಮೊದಲು ಶಬ್ದರೂಪಗಳನ್ನು ಬಾಯಿಪಾಠ ಮಾಡುವನು, ತರುವಾಯ ಧಾತುರೂಪಗಳನ್ನು. ಒಂದೆರಡು ವರ್ಷಗಳಲ್ಲಿ ಯಾವ ವಿಭಕ್ತಿಯನ್ನು ಕೇಳಿದರೂ ತಡೆಯಿಲ್ಲದೆ ಹೇಳುವನು. ಆದರೆ “ಒಂದು ವಾಕ್ಯವನ್ನು ರಚಿಸು” ಎಂದೊಡನೆಯೇ ತಲೆ ತಗ್ಗಿಸುವನು. ಅವನಲ್ಲಿ ಪದಗಳಿವೆ, ವಾಕ್ಯವಿಲ್ಲ. ವಿದ್ಯೆಯ ನಡುಮೆಟ್ಟಿಲೆಂದರೆ ಇದೇ. ಆರಂಭದಲ್ಲಿರುವವನಿಗೆ ತನ್ನ ತಪ್ಪು ತನಗೇ ಕಾಣುವುದು: ಕೈ ಉದ್ದವಾಯಿತು, ಕಣ್ಣು ಓರೆಯಾಯಿತು ಎಂದು ಅವನೇ ತಿದ್ದಿಕೊಳ್ಳುವನು. ನಡುವಿನಲ್ಲಿರುವವನಿಗಾದರೋ ತಪ್ಪು ಕಾಣದು. ಏಕೆಂದರೆ ಅದು ಅಂಗಗಳಲ್ಲಿಲ್ಲ, ಅವುಗಳ ಸಂಬಂಧದಲ್ಲಿದೆ. ಆದಕಾರಣ ಅವನು ಸರಿಯಾಗಿರುವ ಅಂಗಗಳನ್ನೇ ಮತ್ತೆ ಮತ್ತೆ ತಿದ್ದುತ್ತ ದಣಿಯುವನು. ನನ್ನ ಮಗಳು ಹುಲ್ಲಿನ ಎಸಳುಗಳನ್ನು ತಿದ್ದಿದಂತೆ.

ಪದಗಳ ಗುಂಪು ವಾಕ್ಯವಾಗಬೇಕಾದರೆ ಮೂರು ಗುಣಗಳು ಬೇಕೆಂದು ತಾರ್ಕಿಕರು ಹೇಳುವರು: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರೆಲ್ಲರೂ ಇವನ್ನು ಬಲ್ಲರು. ಕಥೆಗಾಗಿಯೋ ಜಾಹೀರಾತಿಗಾಗಿಯೋ ಬರೆಯುವ ಚಿತ್ರಕ್ಕೂ ಈ ಮೂರೇ ಒರೆಗಲ್ಲೆಂದು ನನಗೆ ಆ ದಿನ ತೋರಿತು.

ಮೊದಲನೆಯದು ಆಕಾಂಕ್ಷೆ. ಒಂದು ಪದವು ಇನ್ನೊಂದನ್ನು ಬೇಡಬೇಕು. ಹಸು, ಕುದುರೆ, ಮನುಷ್ಯ, ಆನೆ ಎಂದು ಬರಿದೆ ಉಚ್ಚರಿಸಿದರೆ ಅರ್ಥವಾಗದೆಂಬುದು ಆ ಗ್ರಂಥದ ಉದಾಹರಣೆ. ಮಗಳ ಚಿತ್ರವು ಹಸು, ಹುಲಿ, ಕರು, ಗೊಲ್ಲ ಎಂದು ಅಂತೆಯೇ ಉಚ್ಚರಿಸುತ್ತಿತ್ತು. ಒಂದು ಇನ್ನೊಂದನ್ನು ನೋಡುತ್ತಿರಲಿಲ್ಲ. ಒಂದನ್ನು ತೆಗೆದುಹಾಕಿದರೆ ಉಳಿದವಕ್ಕೆ ಕೊರತೆಯಾಗುತ್ತಿರಲಿಲ್ಲ. ಕಥೆಯ ಚಿತ್ರವನ್ನು ಬರೆಯುವವನು ಮೊದಲು ಮಾಡತಕ್ಕ ಕೆಲಸವು ಕುಂಚವನ್ನು ಹಿಡಿಯುವುದಲ್ಲ, ಕಥೆಯನ್ನು ಮೂರು ಬಾರಿ ಓದಿ ಒಂದು ಕ್ಷಣವನ್ನು ಆರಿಸುವುದು. ಪುಣ್ಯಕೋಟಿಯ ಕಥೆಯಲ್ಲಿ ಅಂಥ ಕ್ಷಣಗಳು ನಾಲ್ಕಾರಿವೆ: ಹುಲಿಯು ಅಡ್ಡಗಟ್ಟಿದ್ದು, ಹಸು ಕರುವನ್ನು ಬೀಳ್ಕೊಂಡದ್ದು, ಮಾತಿಗೆ ತಪ್ಪದೆ ಹಿಂದಿರುಗಿದ್ದು, ಹುಲಿಯು ಪ್ರಾಣ ಬಿಟ್ಟದ್ದು. ಮುಂದೇನಾಗುವುದೋ ಎಂದು ಓದುವವನ ಮನಸ್ಸು ತವಕಿಸುವ ಕ್ಷಣವೇ ಮುಖಪುಟಕ್ಕೆ ಒಳ್ಳೆಯದು. ಪರಿಣಾಮವನ್ನೇ ಬರೆದುಬಿಟ್ಟರೆ ಪುಸ್ತಕವನ್ನು ತೆರೆಯುವ ಅಗತ್ಯವೇನಿದೆ?

ಎರಡನೆಯದು ಯೋಗ್ಯತೆ, ಎಂದರೆ ಹೊಂದಿಕೆ. ಬೆಂಕಿಯಿಂದ ತೋಯಿಸು ಎಂದರೆ ವ್ಯಾಕರಣವು ಸರಿ, ಅರ್ಥವು ಸರಿಯಲ್ಲ. ನಾನು ಮಗಳ ಹಸುವನ್ನು ಇನ್ನೊಮ್ಮೆ ನೋಡಿದೆನು. ಕಪ್ಪುಬಿಳುಪಿನ ದೊಡ್ಡ ದೊಡ್ಡ ಮಚ್ಚೆಗಳು, ಗಿಡ್ಡ ಕೊಂಬುಗಳು. ಅದು ಹಾಲಿನ ಡೈರಿಗಳಲ್ಲಿ ಕಾಣುವ ಹೋಲ್‌ಸ್ಟೀನ್ ಜಾತಿಯ ಸೀಮೆಹಸು. ಗಣಕಯಂತ್ರದಲ್ಲಿ ಹಸುವೆಂದು ಹುಡುಕಿದಾಗ ಮೊದಲು ಸಿಕ್ಕಿದ್ದನ್ನೇ ನೋಡಿ ಬರೆದಿದ್ದಳು. ಕನ್ನಡನಾಡಿನ ಗೊಲ್ಲನ ದೊಡ್ಡಿಯಲ್ಲಿ ಆ ಹಸು ಎಲ್ಲಿಂದ ಬಂದೀತು? ನಮ್ಮ ಹಳ್ಳಿಕಾರ್ ತಳಿಯ ದನಗಳ ಬೂದುಬಣ್ಣ, ನೀಳವಾದ ಮುಖ, ಹಣೆಯ ತುದಿಯಿಂದ ಹಿಂದಕ್ಕೆ ಬಾಗಿ ಮೇಲೇರುವ ಉದ್ದನೆಯ ಕೊಂಬುಗಳು ಇವೆಲ್ಲ ಬೇರೆಯೇ. ಪ್ರಕಾಶಕರು ಒಂದು ಸಾಲಿನಲ್ಲಿ ಹೇಳಿದ ‘ಒದಗುವುದಿಲ್ಲ’ ಎಂಬ ಮಾತಿನ ಅರ್ಧವು ಇಲ್ಲಿತ್ತು.

ಮೂರನೆಯದು ಸನ್ನಿಧಿ. ಒಂದು ಪದವನ್ನು ಈಗ ನುಡಿದು ಇನ್ನೊಂದನ್ನು ಒಂದು ಜಾವ ಕಳೆದು ನುಡಿದರೆ ವಾಕ್ಯವಾಗುವುದಿಲ್ಲ. ಚಿತ್ರದಲ್ಲಿ ಸಂಬಂಧಪಟ್ಟ ವಸ್ತುಗಳು ಹತ್ತಿರವಿರಬೇಕು. ಇಲ್ಲವೆ ಒಂದು ನೋಟ, ಒಂದು ಬಾಗು, ಒಂದು ನೆರಳು ಅವೆರಡನ್ನೂ ಜೋಡಿಸಬೇಕು. ಎಲ್ಲವನ್ನೂ ಸಮಾನ ದೂರದಲ್ಲಿಟ್ಟರೆ ಕಣ್ಣಿಗೆ ದಾರಿಯೇ ತೋರದು. ಮುಖಪುಟದಲ್ಲಿ ಇನ್ನೊಂದು ಸನ್ನಿಧಿಯುಂಟು, ಅಕ್ಷರಗಳದು. ಪುಸ್ತಕದ ಹೆಸರು ಎಲ್ಲಿ ಬರುವುದೆಂಬುದನ್ನು ಮೊದಲೇ ಗೊತ್ತುಮಾಡಿ ಸ್ಥಳವನ್ನು ಬಿಡದಿದ್ದರೆ, ಗೊಲ್ಲನ ತಲೆಯ ಮೇಲೆಯೇ ಅಕ್ಷರಗಳು ಕೂರುವುವು.

ಅನಾವಶ್ಯಕವಾದುದನ್ನು ಬಿಡುವುದೂ ವಾಕ್ಯರಚನೆಯ ಭಾಗವೇ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ತಾನು ಬರೆದ ಶಕುಂತಲೆಯ ಚಿತ್ರದಲ್ಲಿ ಇನ್ನೂ ಏನೇನನ್ನು ಸೇರಿಸಬೇಕೆಂದು ಎಣಿಸುವನು. ಅವನು ನೆನೆಯುವ ಸಂಗತಿಗಳಲ್ಲಿ ಒಂದು, ಗಂಡುಮೃಗದ ಕೊಂಬಿಗೆ ತನ್ನ ಕಣ್ಣನ್ನೊಡ್ಡಿ ತುರಿಸಿಕೊಳ್ಳುವ ಹೆಣ್ಣುಜಿಂಕೆ. ಆಶ್ರಮದ ಶಾಂತಿ, ನಂಬಿಕೆ, ತಾನು ಕಳೆದುಕೊಂಡ ದಾಂಪತ್ಯ ಎಲ್ಲವೂ ಆ ಒಂದು ವಿವರದಲ್ಲಿವೆ. ಪಕ್ಕದಲ್ಲಿರುವ ವಿದೂಷಕನಿಗಾದರೋ, ರಾಜನು ಇನ್ನು ಹಲಗೆಯ ತುಂಬ ಗಡ್ಡದ ತಪಸ್ವಿಗಳನ್ನೇ ತುಂಬಿಸಿಬಿಡುವನೆಂಬ ಶಂಕೆ! ಅರ್ಥವನ್ನು ಹೊತ್ತ ಒಂದು ಜಿಂಕೆಯೇ, ಜಾಗವನ್ನು ತುಂಬುವ ಹತ್ತು ಗಡ್ಡಗಳೇ ಎಂಬ ಪ್ರಶ್ನೆಯನ್ನು ಚಿತ್ರಕಾರನು ಪ್ರತಿದಿನವೂ ಕೇಳಿಕೊಳ್ಳಬೇಕು.

ಈ ಮೂರು ಗುಣಗಳನ್ನು ಅಭ್ಯಾಸಕ್ಕೆ ತರುವ ಬಗೆಯನ್ನು ಮಗಳೇ ತನ್ನ ಪುಸ್ತಕಗಳಿಂದ ತೆಗೆದು ನನಗೆ ವಿವರಿಸಿದಳು. ಅವಳಿಗೆ ಅದು ಹೊಸದಲ್ಲ. ಬೇಸರದ ಕೆಲಸವೆಂದು ಬಿಟ್ಟಿದ್ದಳು, ಅಷ್ಟೆ. ದೊಡ್ಡ ಹಾಳೆಯನ್ನು ಮುಟ್ಟುವ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಇಪ್ಪತ್ತು ಬಗೆಯ ಕರಡುಗಳನ್ನು ಬರೆಯಬೇಕು. ಅಷ್ಟು ಚಿಕ್ಕದರಲ್ಲಿ ಹುಲ್ಲಿನ ಎಸಳುಗಳಿಗೆ ಸ್ಥಳವಿರದು. ದೊಡ್ಡ ಆಕಾರಗಳು ಮಾತ್ರ ನಿಲ್ಲುವುವು. ಪ್ರತಿಯೊಂದರಲ್ಲಿಯೂ ಬಿಳುಪು, ಬೂದು, ಕಪ್ಪು ಎಂಬ ಮೂರೇ ಛಾಯೆಗಳಿರಬೇಕು. ಕಣ್ಣನ್ನು ಅರೆ ಮುಚ್ಚಿ ನೋಡಿದರೂ ಮುಖ್ಯವಾದುದು ಎದ್ದು ಕಾಣದಿದ್ದರೆ ಆ ಕರಡನ್ನು ಬಿಟ್ಟುಬಿಡತಕ್ಕದ್ದು. ಛಾಯೆಯು ಸೋತಲ್ಲಿ ಬಣ್ಣವು ಕಾಪಾಡದು. ಉಳಿದ ಎರಡು ಮೂರು ಕರಡುಗಳನ್ನು ದೊಡ್ಡದು ಮಾಡಿ ಪ್ರಕಾಶಕರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಮುಂದುವರಿಯಬೇಕು. ನನ್ನ ಮಗಳು ಪೂರ್ತಿಮಾಡಿದ ಚಿತ್ರವನ್ನೇ ನೇರವಾಗಿ ಕಳುಹಿಸಿ, ಒಂದೊಂದು ಸಲವೂ ವಾರಗಟ್ಟಲೆಯ ದುಡಿಮೆಯನ್ನು ಕಳೆದುಕೊಂಡಿದ್ದಳು.

ಮುದ್ರಣದ ಮರ್ಮವೂ ಈ ಮೆಟ್ಟಿಲಿನ ಪಾಠವೇ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಕಡೆಯ ರೂಪವನ್ನು ಕೊಡುವುದು ಚಿತ್ರಕಾರನ ಕೈ. ಪುಸ್ತಕದ ಚಿತ್ರಕ್ಕೆ ಅದನ್ನು ಕೊಡುವುದು ಯಂತ್ರ. ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆಯುವುದು ಹಳೆಯ ರೂಢಿ. 9 ಅಂಗುಲ ಅಗಲದ ಚಿತ್ರವು 6 ಅಂಗುಲಕ್ಕೆ ಇಳಿದಾಗ 0.3 ಮಿಲಿಮೀಟರಿನ ರೇಖೆಯು 0.2 ಮಿಲಿಮೀಟರಾಗುವುದು, ಅದಕ್ಕಿಂತ ಸಣ್ಣ ಗೆರೆಗಳು ಒರಟು ಕಾಗದದ ಮೇಲೆ ಮಾಯವಾಗಲೂಬಹುದು. ಗಣಕಯಂತ್ರದಲ್ಲಿ ಬರೆಯುವವರು ಅಂಗುಲಕ್ಕೆ 300 ಬಿಂದುಗಳ ಲೆಕ್ಕವನ್ನಿಡುವರು. 6 ಅಂಗುಲ ಅಗಲ, 9 ಅಂಗುಲ ಎತ್ತರದ ಮುಖಪುಟಕ್ಕೆ 1800 ಮತ್ತು 2700 ಬಿಂದುಗಳಾದುವು. ಬಣ್ಣವು ಅಂಚಿನವರೆಗೂ ಹರಿಯಬೇಕಾದರೆ ಚಿತ್ರವನ್ನು ಸುತ್ತಲೂ 3 ಮಿಲಿಮೀಟರಿನಷ್ಟು ಹೊರಕ್ಕೆ ಬೆಳೆಸುವುದು ವಾಡಿಕೆ. ಇಲ್ಲವಾದರೆ ಕತ್ತರಿಸುವಾಗ ಬಿಳಿಯ ಗೀರು ಉಳಿದೀತು. ಪರದೆಯ ಮೇಲೆ ಕೆಂಪು, ಹಸಿರು, ನೀಲಿಯ ಬೆಳಕುಗಳು ಕೂಡಿ ಬಣ್ಣವಾಗುವುವು. ಅಚ್ಚಿನಲ್ಲಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳು. ಪರದೆಯಲ್ಲಿ ಹೊಳೆದ ಎಳೆಹಸಿರು ಕಾಗದದ ಮೇಲೆ ಮಂಕಾಗುವುದು ಇದರಿಂದಲೇ. ಇದನ್ನರಿಯದವನು ಮುದ್ರಕನನ್ನು ದೂರುವನು; ಅರಿತವನು ಮೊದಲೇ ಎಚ್ಚರಿಕೆಯಿಂದ ಬಣ್ಣವನ್ನಾರಿಸುವನು.

ಯಂತ್ರಕ್ಕೆ ಹೊಂದಿಕೊಂಡು ಬರೆಯುವುದು ಕಲೆಗೆ ಕೀಳೆಂದು ಭಾವಿಸತಕ್ಕದ್ದಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದನು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲನ್ನು ಸಿದ್ಧಪಡಿಸಿ ಒಂದರ ಮೇಲೊಂದನ್ನು ಒತ್ತಿದ ಆ ಚಿತ್ರಗಳಿಂದಲೇ ಲಕ್ಷ್ಮೀ ಸರಸ್ವತಿಯರ ರೂಪಗಳು ಸಾಮಾನ್ಯರ ದೇವರ ಕೋಣೆಗಳಿಗೆ ಬಂದುವು. ತರುವಾಯ 1947ರಲ್ಲಿ ಮದರಾಸಿನಿಂದ ಹೊರಟ ‘ಚಂದಮಾಮ’ವನ್ನು ನಮ್ಮ ತಲೆಮಾರಿನವರು ಮರೆಯಲಾರರು. ಮೈಸೂರು ಸೀಮೆಯವರಾದ ಎಂ. ಟಿ. ವಿ. ಆಚಾರ್ಯರು ಅದರ ಮುಖಪುಟಗಳಿಗೆ ಬರೆದ ಭಾರತಕಥೆಯ ಚಿತ್ರಗಳನ್ನು ಎಷ್ಟೋ ಮನೆಗಳಲ್ಲಿ ಕತ್ತರಿಸಿಟ್ಟುಕೊಂಡಿದ್ದರು. 2020ರಲ್ಲಿ ತೀರಿಕೊಂಡ ಶಂಕರ್ ಅವರ ಬೇತಾಳದ ಚಿತ್ರವನ್ನೇ ನೋಡಿರಿ: ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ, ಮುಂದಿಟ್ಟ ಹೆಜ್ಜೆ. ಅಕ್ಷರವನ್ನರಿಯದ ಮಗುವಿಗೂ ಆ ಚಿತ್ರವು ಕಥೆ ಹೊರಟಿತೆಂದು ಹೇಳುವುದು. ಅದು ಪದವಲ್ಲ, ಪೂರ್ಣವಾಕ್ಯ.

ಈ ಪಾಠಗಳನ್ನು ಹಿಡಿದು ಮಗಳು ನಾಲ್ಕನೆಯ ಸಲ ಕುಳಿತಳು. ಮೊದಲು ನಾವಿಬ್ಬರೂ ವಾರದ ಸಂತೆಯ ದನದ ಸಾಲಿಗೆ ಹೋದೆವು. ಅವಳು ಒಂದು ಹಳ್ಳಿಕಾರ್ ಹಸುವಿನ ಮುಂದೆ ಒಂದು ಗಂಟೆಯ ಕಾಲ ಕುಳಿತು ಪೆನ್ಸಿಲಿನಲ್ಲಿ ಬರೆದುಕೊಂಡಳು. ಅದನ್ನು ಮಾರಲು ತಂದಿದ್ದ ರೈತನು ನೋಡಿ ನೋಡಿ, “ಕಿವಿ ಹಾಗೆ ನಿಲ್ಲುವುದಿಲ್ಲ ತಾಯಿ. ಕರು ಹಿಂದೆ ಇದ್ದರೆ ಮುಂದೆ ನಡೆವಾಗಲೂ ಒಂದು ಕಿವಿ ಹಿಂದಕ್ಕೆ ತಿರುಗಿರುತ್ತದೆ” ಎಂದನು. ನಾನು ಮೂವತ್ತು ವರ್ಷಗಳಲ್ಲಿ ಹೇಳಿದ ಯಾವ ಪಾಠವೂ ಆ ಮಾತಿಗೆ ಸಾಟಿಯಲ್ಲ.

ಮನೆಗೆ ಬಂದು ಅವಳು ಇಪ್ಪತ್ತನಾಲ್ಕು ಕರಡುಗಳನ್ನು ಬರೆದಳು. ಕಡೆಗೆ ಆರಿಸಿದುದು ಹೀಗಿತ್ತು: ನಾವು ಗವಿಯೊಳಗೆ, ಹುಲಿಯ ಬೆನ್ನ ಹಿಂದೆ ನಿಂತಿದ್ದೇವೆ. ಹುಲಿಯ ಹೆಗಲು ಮತ್ತು ಎರಡು ಕಿವಿಗಳು ಮಾತ್ರ ಕಪ್ಪಾಗಿ ಕಾಣುತ್ತವೆ. ಗವಿಯ ಬಾಯಲ್ಲಿ ಬೆಳಕು. ಆ ಬೆಳಕಿನಲ್ಲಿ ಚಿಕ್ಕದಾಗಿ, ಒಂಟಿಯಾಗಿ ನಡೆದುಬರುತ್ತಿರುವ ಹಸು. ಅದರ ಒಂದು ಕಿವಿ ಹಿಂದಕ್ಕೆ ತಿರುಗಿದೆ. ಕರು ಚಿತ್ರದಲ್ಲಿಲ್ಲ, ಆದರೂ ಇದೆ. ಗೊಲ್ಲನಿಲ್ಲ, ಬೆಟ್ಟವಿಲ್ಲ. ಗವಿಯ ಕಪ್ಪು ಮೇಲ್ಭಾಗದಲ್ಲಿ ಪುಸ್ತಕದ ಹೆಸರಿಗೆ ಬೇಕಾದಷ್ಟು ಸ್ಥಳವಿದೆ. ಮೊದಲಿನ ಚಿತ್ರಕ್ಕಿಂತ ಇದರಲ್ಲಿ ಕೈಚಳಕವು ಕಡಿಮೆಯೇ. ಆದರೆ ನನ್ನ ಹೆಂಡತಿಯು ಅದನ್ನು ನೋಡಿ ಮಾತನಾಡದೆ ಬಹಳ ಹೊತ್ತು ನಿಂತಿದ್ದಳು.

ಕರಡು ಒಪ್ಪಿಗೆಯಾಯಿತು. ಹೆಸರಿನ ಅಕ್ಷರಗಳು ದೊಡ್ಡವಾದುದರಿಂದ ಗವಿಯ ಬಾಯನ್ನು ಅರ್ಧ ಅಂಗುಲ ಕೆಳಗಿಳಿಸಬೇಕೆಂದು ಕೇಳಿದರು. ಅವಳು ಗೊಣಗದೆ ಇಳಿಸಿದಳು. ಪರರ ಕಾರ್ಯಕ್ಕಾಗಿ ಬರೆಯುವವನು ನ್ಯಾಯವಾದ ತಿದ್ದುಪಾಟನ್ನು ಅವಮಾನವೆಂದು ತಿಳಿಯಬಾರದು. ಹಾಗೆಂದು ತನ್ನ ಹಕ್ಕನ್ನೂ ಬಿಡಬಾರದು. ಎಷ್ಟು ಸಲ ತಿದ್ದಿಕೊಡಬೇಕು, ಹಣವೆಷ್ಟು, ಎಂದು ಕೊಡುವರು, ಚಿತ್ರವನ್ನು ಎಲ್ಲೆಲ್ಲಿ ಬಳಸುವರು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು. 1957ರ ಭಾರತದ ಕೃತಿಸ್ವಾಮ್ಯ ಶಾಸನದಲ್ಲಿ, ಪ್ರತಿಫಲವನ್ನು ಕೊಟ್ಟು ಬರೆಯಿಸಿದ ಚಿತ್ರಕ್ಕೆ ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ ಬರೆಯಿಸಿದವರೇ ಮೊದಲ ಒಡೆಯರೆನ್ನಲು 17ನೆಯ ಪ್ರಕರಣವು ಅವಕಾಶವನ್ನೀಯುತ್ತದೆ. ಚಿತ್ರಕಾರನು ತನ್ನ ಸ್ವಾಮ್ಯವನ್ನು ಬರಹದ ಮೂಲಕ ವಹಿಸಿಕೊಟ್ಟು ಅವಧಿಯನ್ನು ಕಾಣಿಸದಿದ್ದರೆ ಅದನ್ನು 5 ವರ್ಷಗಳೆಂದು 19ನೆಯ ಪ್ರಕರಣವು ಎಣಿಸುವುದು. ಸ್ವಾಮ್ಯವು ಕೈಬಿಟ್ಟು ಹೋದರೂ ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ ಹಕ್ಕು 57ನೆಯ ಪ್ರಕರಣದಿಂದ ಉಳಿಯುವುದು. ಒಂದು ಹಾಳೆಯ ಒಪ್ಪಂದವನ್ನು ಕೇಳಲು ನಾಚುವವನು ಮುಂದೆ ಬಹಳ ಪರಿತಪಿಸುವನು.

ಇಂದಿನ ದಿನಗಳಲ್ಲಿ ಇನ್ನೊಂದು ಭಯವೂ ಉಂಟು. ನಾಲ್ಕು ಮಾತುಗಳನ್ನು ಬರೆದರೆ ಗಣಕಯಂತ್ರವೇ ಕ್ಷಣಮಾತ್ರದಲ್ಲಿ ಚಿತ್ರವನ್ನು ಮಾಡಿಕೊಡುವುದು. ಹೀಗಿರುವಲ್ಲಿ ಈ ವಿದ್ಯೆಯು ನಿಲ್ಲುವುದೇ ಎಂದು ನಾನೂ ಮಗಳನ್ನು ಕೇಳಿದೆನು. ಆ ಭಯವು ಸುಳ್ಳೆಂದು ಅವಳು ಹೇಳಲಿಲ್ಲ, “ಹಸು, ಹುಲಿ, ಕರು, ಗೊಲ್ಲ ಎಂದು ಬರೆಯುವುದಷ್ಟೇ ನನ್ನ ವಿದ್ಯೆಯಾದರೆ ಯಂತ್ರವೇ ಸಾಕು. ಸಂತೆಗೆ ಹೋಗಿ ಕಿವಿಯನ್ನು ನೋಡಿ ಬರುವವರು ಬೇಕೆನ್ನುವವರಿಗಾಗಿ ನಾನು ಬರೆಯಬೇಕು” ಎಂದಳು. ಅಂಥವರು ಸಂಸಾರಕ್ಕೆ ಸಾಲುವಷ್ಟು ಜನ ಸಿಕ್ಕುವರೆಂದು ನಾನು ವಾಚಕರಿಗೆ ಭರವಸೆಯನ್ನು ಕೊಡಲಾರೆನು. ಆ ಒಂದು ಮುಖಪುಟದ ಸಂಭಾವನೆಯಿಂದ ಮನೆಯ ಒಂದು ತಿಂಗಳೂ ನಡೆಯದು.

ಆದಕಾರಣ ನಮ್ಮ ಮನೆಯಲ್ಲಿ ಒಂದು ಏರ್ಪಾಟು ಮಾಡಿಕೊಂಡಿರುವೆವು. ಎರಡು ವರ್ಷಗಳ ಕಾಲ ಅವಳು ಈ ವೃತ್ತಿಯನ್ನೇ ನಡೆಸುವಳು. ಬಂದ ಹಣ, ಹಿಂದಿರುಗಿದ ಚಿತ್ರ, ಹಿಂದಿರುಗಿದ ಕಾರಣ ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದಿಡುವಳು. ಅದರ ಮೇಲೆ ಮುಂದಿನ ಆಲೋಚನೆ. ನನ್ನ ಕಡೆಯ ಕರಾರು ಒಂದೇ: ಚಿತ್ರವು ಹಿಂದಿರುಗಿ ಬಂದಾಗ “ಇನ್ನೆಷ್ಟು ಸಲ?” ಎಂದು ನಾನು ಕೇಳತಕ್ಕದ್ದಲ್ಲ; “ಎಲ್ಲಿ ವಾಕ್ಯ ಕೆಟ್ಟಿತು, ತೋರಿಸು” ಎಂದು ಪಕ್ಕದಲ್ಲಿ ಕುಳಿತುಕೊಳ್ಳತಕ್ಕದ್ದು. ವಾಕ್ಯ ಬಾರದ ಹುಡುಗನಿಗೆ ನಾನು ಪಾಠಶಾಲೆಯಲ್ಲಿ ಎಂದಾದರೂ ವ್ಯಾಕರಣವನ್ನು ಬಿಟ್ಟುಬಿಡೆಂದು ಹೇಳಿದ್ದುಂಟೇ? ಪರರ ಮಕ್ಕಳಿಗೆ ತೋರಿದ ತಾಳ್ಮೆಯನ್ನು ಸ್ವಂತ ಮಗಳಿಗೆ ತೋರಲು ನಾನು ಅರವತ್ತು ವರ್ಷದವನಾಗಬೇಕಾಯಿತು.

ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕುವ ಕಡೆಯ ದಿನವು ಕಳೆದ ತಿಂಗಳು ಸದ್ದಿಲ್ಲದೆ ಕಳೆದುಹೋಯಿತು. ನಾನು ಅದನ್ನು ನೆನಪು ಮಾಡಲಿಲ್ಲ. ಅವಳು ಆ ದಿನ ಇನ್ನೊಂದು ಕಥೆಯ ಕರಡುಗಳನ್ನು ಬರೆಯುತ್ತಿದ್ದಳು. ಹನ್ನೊಂದನೆಯ ಚೌಕದವರೆಗೆ ಬಂದಿತ್ತು.